ಯಾರಿಗೂ ಕಾಯದ ಸಂಜೆ

"ಒಬ್ಬಳೇ ಆ ಚೌಕಕ್ಕೆ ಹೋಗಿ ಏನ್ ಮಾಡ್ತೀಯ?" ಎಂದರು ಅತ್ತಿಗೆ, ಹೋಟೆಲಿನ ಮಂಚದ ಮೇಲೆ ಕೂತು ಮಂಡಿಗೆ ಮುಲಾಮು ತಿಕ್ಕುತ್ತ.

"ಕೂತ್ಕೋತೀನಿ."

"ಕೂತು?"

"ಕೂತು ಇನ್ನೇನು, ಕೂತೇ ಇರ್ತೀನಿ."

"ಪರದೇಶ ಕಣೇ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿಮ್ಮಣ್ಣನಿಗೆ ಹೇಗೆ ಮುಖ ತೋರಿಸಲಿ?"

ಮಾರನೆಯ ದಿನ ನಾವು ಊರಿಗೆ ಹೊರಡುವವರಿದ್ದೆವು. ಬಂದಾಗಿನಿಂದ ದಿನವೂ ಆ ಚೌಕವನ್ನು ದಾಟಿಯೇ ತಿರುಗಾಟ. ನಡುವೆ ಕಾರಂಜಿ, ಸುತ್ತ ಬೆಂಚುಗಳು, ಅವುಗಳ ಮೇಲೆ ಸುಮ್ಮನೆ ಕೂತ ಹೆಂಗಸರು. ನಮ್ಮೂರಲ್ಲಿ ನಾನು ರಸ್ತೆಯಲ್ಲಿ ನಿಂತಿದ್ದರೆ ಅದು ಬಸ್ಸಿಗೋ ತರಕಾರಿಗೋ ಆಗಿರಬೇಕು. ಮಿಕ್ಕ ಹೊತ್ತೆಲ್ಲ ಹೊಲಿಗೆ ಯಂತ್ರದ ಮುಂದೆ. ಒಂದೇ ಒಂದು ಸಂಜೆ, ಕೈಯಲ್ಲಿ ಸೂಜಿಯಿಲ್ಲದೆ, ಜನರ ನಡುವೆ ಸುಮ್ಮನೆ ಕೂರಬೇಕೆಂಬುದು ನನ್ನ ಆಸೆ. ಇವತ್ತು ಬಿಟ್ಟರೆ ಇಲ್ಲ.

"ಕತ್ತಲಾಗೋದ್ರೊಳಗೆ ಬಂದ್ಬಿಡು" ಎಂದು ಕೊನೆಗೂ ಒಪ್ಪಿದ ಅತ್ತಿಗೆ, ನನ್ನ ಚೀಲದ ಜಿಪ್ಪಿಗೆ ತಾವೇ ಒಂದು ಪಿನ್ನು ಚುಚ್ಚಿ ಕಳಿಸಿದರು.

ಬೆಂಚಿನ ತುದಿಯಲ್ಲಿ ಕೂತೆ. ಚೀಲದ ಪಟ್ಟಿಯನ್ನು ಮುಂಗೈಗೆ ಸುತ್ತಿಕೊಂಡೆ. ಆಮೇಲೆ ಒಂಟಿ ಹೆಂಗಸರಿಗೆಲ್ಲ ಗೊತ್ತಿರುವ ವಿದ್ಯೆ: ಗಡಿಯಾರ ನೋಡಿದೆ, ರಸ್ತೆಯತ್ತ ಕತ್ತು ಚಾಚಿದೆ, ಸತ್ತುಬಿದ್ದಿದ್ದ ಫೋನನ್ನು ಕಿವಿಗಿಟ್ಟು, "ಹ್ಞೂಂ, ಇಲ್ಲೇ ಇದೀನಿ. ಇನ್ನೂ ಎಷ್ಟೊತ್ತು? ಬೇಗ ಬನ್ನಿ!" ಎಂದೆ. ನನ್ನವರು ಯಾರೋ ಬರುವವರಿದ್ದಾರೆಂದು ಎಲ್ಲರಿಗೂ ತಿಳಿಯಲಿ.

ತಿಳಿಯಿತು. ಪಕ್ಕದ ಬೆಂಚಿನಲ್ಲಿ ಉಣ್ಣೆ ಹೆಣೆಯುತ್ತಿದ್ದ ಅಜ್ಜಿ ನನ್ನನ್ನೇ ನೋಡತೊಡಗಿದರು. ನಾಟಕ ಸಾಲದೇನೋ ಎಂದು ಮತ್ತೆ ಫೋನೆತ್ತಿದೆ. ಮಾತು ತೋಚದೆ, "ಗುಂಡಿ ಹಾಕ್ಲೋ, ಹುಕ್ಕು ಹಾಕ್ಲೋ? ಸರಿಯಾಗಿ ಹೇಳ್ರೀ!" ಎಂದು ಗದರಿಸಿಬಿಟ್ಟೆ. ಅಜ್ಜಿಯ ಕಣ್ಣು ತುಂಬಿ ಬಂತು. ಎದ್ದುಹೋಗಿ ಕಾಫಿ ಅಂಗಡಿಯವನ ಕಿವಿಯಲ್ಲಿ ಏನೋ ಹೇಳಿದರು. ಅವನು ನನ್ನತ್ತ ನೋಡಿ ಹಣೆ ಚಚ್ಚಿಕೊಂಡ. ಹೂ ಮಾರುವವಳಿಗೂ ಸುದ್ದಿ ಮುಟ್ಟಿತು. ಸ್ವಲ್ಪ ಹೊತ್ತಿಗೆ ನನ್ನ ಕೈಯಲ್ಲಿ ಬಿಸಿ ಕಾಫಿ, ಮಡಿಲಲ್ಲೊಂದು ಹೂವು, ಪಕ್ಕದಲ್ಲಿ ತೋಳು ಸವರುತ್ತ ಅಜ್ಜಿ. ಹೂವಿನವಳು ರಸ್ತೆಯತ್ತ ಬೆರಳು ತೋರಿಸಿ, ಇಲ್ಲದ ಮೀಸೆ ತಿರುವಿ, ಹೋದರೆ ಹೋಗಲಿ ಎನ್ನುವಂತೆ ಕೈ ಕೊಡವಿದಳು.

ಆಗ ಅರ್ಥವಾಯಿತು. ಯಾವನೋ ಗಂಡಸು ನನಗೆ ಕೈಕೊಟ್ಟಿದ್ದಾನೆ! ಈ ವಯಸ್ಸಿನಲ್ಲಿ!

ನಗು ತಡೆಯಲಾಗಲಿಲ್ಲ. ಫೋನಿನ ಕಪ್ಪು ಪರದೆಯನ್ನು ಅಜ್ಜಿಗೆ ತೋರಿಸಿ, ಗುಂಡಿ ಒತ್ತಿ, ಜೀವವಿಲ್ಲ ಎಂದು ಕೈಯಾಡಿಸಿದೆ. ಬರುವವರು ಯಾರೂ ಇಲ್ಲ. ಎದೆ ಮುಟ್ಟಿಕೊಂಡು ಬೆಂಚು ತಟ್ಟಿದೆ: ನಾನೊಬ್ಬಳೇ, ಕೂರಲಿಕ್ಕೆ ಬಂದವಳು. ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಫಿಯವನು ಲೋಟ ವಾಪಸ್ ಕೊಡು ಎಂದು ಸುಳ್ಳೇ ಕೈ ಚಾಚಿದ.

ಆಮೇಲೆ ಎಲ್ಲರೂ ತಂತಮ್ಮ ಪಾಡಿಗೆ ಹೋದರು. ಅಜ್ಜಿಯೂ ತಮ್ಮ ಹೆಣಿಗೆಗೆ ಮರಳಿದರು. ನಾನು ಬೆನ್ನು ಒರಗಿಸಿ ಕೂತೆ. ಯಾರೂ ಏಕೆ ಕೂತೆ ಎಂದು ಕೇಳಲಿಲ್ಲ. ಎದುರಿಗೆ ಹಾದುಹೋದವಳ ಲಂಗದ ಅಂಚು ಓರೆಯಾಗಿತ್ತು. ಹೊಲಿದವರನ್ನು ಮನಸ್ಸಿನಲ್ಲೇ ಕ್ಷಮಿಸಿದೆ. ಚೀಲದ ಪಟ್ಟಿ ಮುಂಗೈಯಿಂದ ಯಾವಾಗ ಜಾರಿತೋ ತಿಳಿಯಲಿಲ್ಲ.

ಇನ್ನೂ ಬೆಳಕಿರುವಾಗಲೇ ಅತ್ತಿಗೆ ಕುಂಟುತ್ತ ಬಂದರು. "ನಿನ್ನ ಫೋನ್ ಹತ್ತದೆ ಜೀವ ಬಾಯಿಗೆ ಬಂದಿತ್ತು! ಇದೇನೇ, ಹೂವು ಬೇರೆ? ಯಾರು ಕೊಟ್ಟಿದ್ದು?"

"ಮೊದ್ಲು ಕೂತ್ಕೊಳ್ಳಿ."

ಅತ್ತಿಗೆ ಬೆಂಚಿನ ತುದಿಯಲ್ಲಿ ಕೂತರು. ಗಡಿಯಾರ ನೋಡಿದರು. ರಸ್ತೆಯತ್ತ ಕತ್ತು ಚಾಚಿ, ಫೋನನ್ನು ಕಿವಿಗಿಡಲು ಹೋದರು. ಅತ್ತ ಅಜ್ಜಿ ಹೆಣಿಗೆ ಕೆಳಗಿಟ್ಟರು.

"ಅತ್ತಿಗೆ, ಅದನ್ನ ಒಳಗಿಡಿ," ಎಂದೆ. "ಇಲ್ಲಾಂದ್ರೆ ಪಾಪ, ಆ ಅಂಗಡಿಯವನು ಇನ್ನೊಂದು ಕಾಫಿ ಮಾಡ್ಬೇಕಾಗುತ್ತೆ."