ಚಂದಯ್ಯನ ಪಾಸ್‌ವರ್ಡು

ರತೀಶ ತೀರಿಹೋದ ಮಾವ ಚಂದಯ್ಯನ ಫೋನಿನಲ್ಲಿ ಮತ್ತೊಂದು ಸಲ ಅಂಕಿಗಳನ್ನು ಒತ್ತಿ ನೋಡಿದ. ತೆರೆಯಲಿಲ್ಲ. ಚಾವಡಿಯಲ್ಲಿ ಹೆಣಕ್ಕೆ ಸ್ನಾನ ಮಾಡಿಸಿ ಮಲಗಿಸಿಯಾಗಿತ್ತು. ಕೊಳ್ಳಿ ಇಡಬೇಕಾದ ಮಗ ವಿಶಾಲ್ ಮುಂಬೈಯಲ್ಲಿ. ಹೋದ ವಾರವಷ್ಟೇ ಬದಲಾದ ಅವನ ನಂಬರು ಇದ್ದದ್ದು ಈ ಫೋನಿನಲ್ಲಿ ಮಾತ್ರ. ಹೆಣ ಇಟ್ಟುಕೊಂಡು ಫೋನಿನ ಜೊತೆ ಗುದ್ದಾಡುವ ಗತಿ ಬಂತಲ್ಲ ಎಂದು ತ್ರಾಸಿಯಿಂದ ಬಂದ ನೆಂಟರು ಗೊಣಗಿದರು.

“ವಿನಯಾಗೆ ಗೊತ್ತಿರತ್ತ್,” ಎಂದ ಚಂದಯ್ಯನ ತಮ್ಮ ಮಂಜಯ್ಯ. “ಅಪ್ಪಯ್ಯನ್ ಮುದ್ದಿನ್ ಮಗಳಲ್ದಾ.”

ಎಲ್ಲರ ಕಣ್ಣು ರತೀಶನ ಹೆಂಡತಿ ವಿನಯಳ ಮೇಲೆ ಬಿತ್ತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ.

*

ಅವಳ ಮದುವೆಗೆ ಮುಂಚಿನ ಮಾತು. ಮೀನುಗಾರರ ಸೊಸೈಟಿಗೆ ಆಗಷ್ಟೇ ಕಂಪ್ಯೂಟರು ಬಂದಿತ್ತು. ದೋಣಿಗಳಿಗೆ ಸರ್ಕಾರ ಕೊಡುವ ಸೀಮೆಎಣ್ಣೆ ಪಾಲನ್ನು ಅದರಲ್ಲಿ ಬರೆಯುವ ಕೆಲಸ ಚಂದಯ್ಯನದು. ಪಾಸ್‌ವರ್ಡು ಅಂದರೆ ಅವನಿಗೆ ದೇವರ ಕೋಣೆಯ ಬೀಗವಿದ್ದ ಹಾಗೆ. ಎದುರಿಗಿದ್ದವರನ್ನು ಹೊರಗೆ ಕಳಿಸಿಯೇ ಒತ್ತುತ್ತಿದ್ದ. ಬುತ್ತಿ ತರುವ ಮಗಳನ್ನು ಮಾತ್ರ ಕಳಿಸುತ್ತಿರಲಿಲ್ಲ.

“ನೀ ಕಂಡ್ರೆ ಅಡ್ಡಿಲ್ಲೆ, ಹೆಣ್ಣೆ,” ಎಂದು ನಗುತ್ತಿದ್ದ.

ವಿನಯಾ ಕಂಡಳು. ಕಂಡದ್ದನ್ನು ಅದೇ ಸೊಸೈಟಿಯ ಅಟೆಂಡರ್ ರತೀಶನಿಗೆ, ಮದುವೆಯಾಗುವವನಲ್ಲವೇ ಎಂದುಕೊಂಡು, ಹೇಳಿಬಿಟ್ಟಳು. ಅವನು ಆ ಪಾಸ್‌ವರ್ಡು ಒತ್ತಿ ತನ್ನ ಅಣ್ಣನ ದೋಣಿಗೆ ಎರಡು ಪಾಲು ಎಣ್ಣೆ ಬರೆದುಕೊಂಡ. ಮೋಸ ಬಯಲಾದಾಗ, ಪಾಸ್‌ವರ್ಡು ತನ್ನದೇ ಆದ್ದರಿಂದ, ಕಳ್ಳ ಅನ್ನಿಸಿಕೊಂಡು ಮನೆಗೆ ಬಂದವನು ಚಂದಯ್ಯ. ಯಾರ ಹೆಸರನ್ನೂ ಎತ್ತಲಿಲ್ಲ. ರತೀಶನಿಗೇ ಮಗಳನ್ನು ಕೊಟ್ಟು ಮದುವೆಯನ್ನೂ ಮಾಡಿದ.

ಅಪ್ಪನಿಗೆ ಗೊತ್ತೇ ಆಗಿಲ್ಲ ಎಂದು ವಿನಯಾ ಇಷ್ಟು ವರ್ಷ ತನಗೆ ತಾನೇ ಹೇಳಿಕೊಂಡಿದ್ದಳು. ಆದರೆ ಅವಳು ತವರಿಗೆ ಬಂದಾಗಲೆಲ್ಲ ಅಪ್ಪ ಬೆನ್ನು ತಿರುಗಿಸಿಯೇ ಫೋನು ತೆರೆಯುತ್ತಿದ್ದ. ಬೈಗುಳವಿಲ್ಲ, ಒಂದು ಮಾತಿಲ್ಲ. ಬೈದಿದ್ದರೂ ವಾಸಿಯಿತ್ತು.

*

“ನಂಗೊತ್ತಿಲ್ಲೆ,” ಎಂದಳು ವಿನಯಾ. ಹೇಳಿದ್ದು ಸತ್ಯವೇ, ಆದರೂ ಸುಳ್ಳು ಹೇಳಿದವಳಂತೆ ನಾಚಿಕೆಯಾಯಿತು. ರತೀಶ ತಲೆಯೆತ್ತಲಿಲ್ಲ.

ಅದುವರೆಗೆ ಒಳಗೆ ನಿತ್ರಾಣವಾಗಿ ಮಲಗಿದ್ದ ವಿನಯಳ ತಾಯಿ ಸುಂದರಿ ಗೋಡೆ ಹಿಡಿದುಕೊಂಡು ಚಾವಡಿಗೆ ಬಂದಳು. ಅಳಿಯನ ಕೈಯಿಂದ ಫೋನು ತೆಗೆದುಕೊಂಡಳು. ಅತ್ತು ಅತ್ತು ಅವಳ ಕಣ್ಣು ಬಾತಿತ್ತು, ಅಂಕಿ ಸರಿಯಾಗಿ ಕಾಣುತ್ತಿರಲಿಲ್ಲ. ವಿನಯಾ ಹತ್ತಿರ ಹೋಗಿ ಕೈ ಚಾಚಿದಳು.

“ನೀ ಹೇಳ್ ಅಮ್ಮ, ನಾ ಒತ್ತಿ ಕೊಡ್ತೆ.”

ಸುಂದರಿ ಮಗಳ ಮುಖವನ್ನು ಒಮ್ಮೆ ನೋಡಿದಳು. ಆಮೇಲೆ ಗೋಡೆಯ ಕಡೆ ತಿರುಗಿ, ಫೋನಿಗೆ ಸೆರಗು ಮರೆಮಾಡಿ, ತಡಕಾಡುತ್ತ ಒಂದೊಂದೇ ಅಂಕಿ ಒತ್ತತೊಡಗಿದಳು.