ಮುನಿಪಾದೆಗೆ ಇಟ್ಟ ಸೊಪ್ಪು

ಕುಂಬ್ಡಾಜೆಯ ಕಡೆಗೆ ಹೋಗುವ ಗುಡ್ಡದ ದಾರಿಯಲ್ಲಿ ಮುನಿಪಾದೆ ಎಂಬ ಕರಿಬಂಡೆ. ಯಾವ ಕಾಲದಲ್ಲಿ ಯಾರು ಕೆತ್ತಿದರೋ, ಬಂಡೆಯ ಮೈಯಲ್ಲಿ ಮೂರು ಮಂದಿ ಕಣ್ಣು ಮುಚ್ಚಿ ಕೂತಿದ್ದಾರೆ. ತಪಸ್ಸಿಗೆ ಕೂತ ಮುನಿಗಳು ಏಳಲು ಮರೆತು ಕಲ್ಲಾದರು ಎಂದು ಊರವರ ಮಾತು. ಆ ದಾರಿ ಹಿಡಿದವರು ಹಸಿ ಸೊಪ್ಪೊಂದನ್ನು ಕಿತ್ತು ಅವರ ಮಡಿಲಿಗಿಟ್ಟೇ ಮುಂದೆ ನಡೆಯಬೇಕು.

ಮೂವತ್ತೆಂಟನೇ ಇಸವಿಯ ಮಾಘದಲ್ಲಿ ಬೋರ್ಡ್ ಶಾಲೆಯ ಮಾಸ್ಟ್ರು ಗೌರೀಶಂಕರ, ನಾಲ್ಕು ವರ್ಷದ ಮಗಳು ವಸುಮತಿಯನ್ನು ಕರೆದುಕೊಂಡು ಆ ಗುಡ್ಡ ಹತ್ತಿದ. ಹೆಂಡತಿ ತೀರಿಕೊಂಡು ಐದು ತಿಂಗಳಾಗಿತ್ತು. ಈಗ ಕುಂದಾಪುರದ ಆಚೆಗೆ ವರ್ಗ. ಗುರುತಿಲ್ಲದ ಊರಿನಲ್ಲಿ ಮಗುವನ್ನು ಯಾರ ಕೈಗೆ ಕೊಟ್ಟು ಶಾಲೆಗೆ ಹೋಗುವುದು? ಕುಂಬ್ಡಾಜೆಯ ಅತ್ತೆಯೇ ಹೇಳಿ ಕಳಿಸಿದ್ದರು: ಕೂಸು ಇಲ್ಲಿರಲಿ, ಉಂಡು ಮಲಗಿದ ಹೊತ್ತಿಗೆ ನೀವು ಮೆಲ್ಲನೆ ಹೊರಟುಬಿಡಿ, ಎಲ್ಲರೂ ಮಾಡುವುದು ಹಾಗೆಯೇ. ಅವನೂ ಒಪ್ಪಿದ್ದ. ಮಗಳಿಗೆ ಅಜ್ಜಿಮನೆಗೆ ಹೋಗುವುದು ಎಂದಷ್ಟೇ ಹೇಳಿದ್ದ.

ಒಣಹುಲ್ಲಿನ ನಡುವೆ ಸ್ವಲ್ಪ ನಡೆಸಿ, ಸ್ವಲ್ಪ ಹೆಗಲಿಗೇರಿಸಿ, ನೆಲ್ಲಿಕಾಯಿ ಹೆಕ್ಕಿಕೊಟ್ಟು ಅವನು ಬಂಡೆಯ ಬಳಿ ಬಂದಾಗ ಬಿಸಿಲು ಏರಿತ್ತು. ವಸು ನಡುವಿನ ಮೂರ್ತಿಯ ಮಡಿಲಿಗೆ ಸೊಪ್ಪು ಇಟ್ಟು, ಮುಖವನ್ನೇ ನೋಡಿದಳು.

"ಇವರಿಗೆ ಮೂಗೇ ಇಲ್ಲ. ಶೀತ ಆಗುದಿಲ್ಲ ಅಲ್ವಾ ಅಪ್ಪ?"

ಗೌರೀಶಂಕರನಿಗೆ ಎಷ್ಟೋ ದಿನಗಳ ಮೇಲೆ ನಗು ಬಂತು. ಪಾಠಪುಸ್ತಕದ ಚಿತ್ರದಿಂದ ಅವನಿಗೆ ಆ ಕೂತ ಭಂಗಿಯ ಗುರುತಿತ್ತು. ಇವರು ಮುನಿಗಳಲ್ಲ, ಬುದ್ಧದೇವರು ಎಂದು ಹೇಳಿ, ಕ್ಲಾಸಿನಲ್ಲಿ ಹೇಳುವಂತೆಯೇ ಕತೆ ತೆಗೆದ. ರಾಜಕುಮಾರ, ಅರಮನೆ, ಬಿಳಿ ಕುದುರೆ. ಒಂದು ರಾತ್ರಿ ಎಲ್ಲರೂ ಮಲಗಿರುವಾಗ ಎದ್ದು ಹೊರಟ ಎಂಬಲ್ಲಿಗೆ ಬಂದ.

"ಅವರಿಗೆ ಮಕ್ಕಳಿಲ್ವಾ?"

"ಉಂಟು. ಒಬ್ಬ ಮಗ. ಸಣ್ಣವ."

"ಅವನಿಗೆ ಹೇಳಿ ಹೋದ್ರಾ?"

"ಇಲ್ಲ. ಅವ ಮಲಗಿದ್ದ."

"ಎದ್ದ ಮೇಲೆ ಅವ ಎಂತ ಮಾಡಿದ?"

ಪಾಠದಲ್ಲಿ ಅದು ಇರಲಿಲ್ಲ. ಹತ್ತು ವರ್ಷ ಅದೇ ಪಾಠ ಹೇಳಿದ್ದರೂ ಅದನ್ನು ಯಾವ ಮಗುವೂ ಕೇಳಿರಲಿಲ್ಲ. ಗೌರೀಶಂಕರ ಮಗಳನ್ನು ಎತ್ತಿಕೊಂಡು ಇಳಿಯತೊಡಗಿದ.

ಮಧ್ಯಾಹ್ನ ಊಟವಾಗಿ ಅಜ್ಜಿಯ ಚಾಪೆಯಲ್ಲಿ ವಸು ನಿದ್ದೆಹೋದಳು. ಅತ್ತೆ ಕಣ್ಣಿನಲ್ಲೇ ಸನ್ನೆ ಮಾಡಿದರು. ಅವನು ಕೊಡೆ ಹಿಡಿದು ಅಂಗಳಕ್ಕೆ ಇಳಿದ, ಬೇಲಿಯ ದಣಪೆಯವರೆಗೂ ಹೋದ. ಅಲ್ಲೇ ನಿಂತ. ಮತ್ತೆ ಒಳಗೆ ಬಂದು ಚಾಪೆಯ ಬದಿಯಲ್ಲಿ ಕೂತ.

"ಬೇಡ, ಎಬ್ಬಿಸಬೇಡಿ. ಎದ್ದರೆ ಬಿಡ್ಲಿಕ್ಕಿಲ್ಲ" ಎಂದರು ಅತ್ತೆ.

ಅವನು ಎಬ್ಬಿಸಿದ.

"ವಸು, ನಾನು ಹೋಗ್ತೇನೆ. ನೀನು ಅಜ್ಜಿಯೊಟ್ಟಿಗೆ ಇರಬೇಕು. ವಿಷು ಹಬ್ಬಕ್ಕೆ ಬರ್ತೇನೆ."

ಅವಳು ಎದ್ದು ಕೂತು ಅವನ ಮುಖ ನೋಡಿದಳು.

"ದಾರಿಯಲ್ಲಿ ಆ ಮಗನಿಗೂ ಒಂದು ಸೊಪ್ಪು ಹಾಕು" ಎಂದಳು. ಆಮೇಲೆ ಅತ್ತಳು. ಆ ಅಳು ಗುಡ್ಡದ ಅರ್ಧದವರೆಗೂ ಅವನ ಬೆನ್ನಿಗಿತ್ತು. ಕಿವಿ ಮುಚ್ಚಿಕೊಳ್ಳದೆ ಕೇಳುತ್ತ ಹತ್ತಿದ.

ಪಾದೆಯ ಮೇಲೆ ಗಾಳಿ ಮಾತ್ರ ಇತ್ತು. ಬೆಳಗಿನ ಸೊಪ್ಪು ಮಡಿಲಲ್ಲೇ ಬಾಡಿತ್ತು. ಗೌರೀಶಂಕರ ಹೊಸದೊಂದು ಕಿತ್ತು ಮೂವರ ಆಚೀಚೆ ಹುಡುಕಿದ. ಕೆತ್ತಿದವನು ಆ ಮಗನನ್ನು ಎಲ್ಲಿಯೂ ಕೂರಿಸಿರಲಿಲ್ಲ. ಕೊನೆಗೆ ನಡುವಿನ ಬುದ್ಧನ ಮೊಣಕಾಲಿನ ಪಕ್ಕ, ಏನೂ ಕೆತ್ತದ ಬರಿಗಲ್ಲಿನ ಬುಡದಲ್ಲಿ ಸೊಪ್ಪನ್ನಿಟ್ಟು, ಗಾಳಿಗೆ ಹಾರದಂತೆ ಸಣ್ಣ ಕಲ್ಲೊಂದನ್ನು ಹೇರಿ, ಕೈಮುಗಿದು ಇಳಿದ.