ನೀಲಿ ಸೀರಮ್

ಹುಬ್ಬು ತೀಡುವಾಗ ದಾರದ ಒಂದು ತುದಿ ಹಲ್ಲಿನಲ್ಲಿ ಕಚ್ಚಿಕೊಂಡಿರಬೇಕು, ಹಾಗಾಗಿ ಗಂಗಾಂಬಿಕಾ ಬಾಯಿ ಬಿಡುವಂತಿರಲಿಲ್ಲ. ಮಾತೆಲ್ಲ ಕುರ್ಚಿಯಲ್ಲಿ ಕೂತ ರೋಹಿಣಿಯದೇ. ಬರುವ ವಾರ ಅವಳ ತಂಗಿಯ ಮದುವೆ. ಅಷ್ಟರೊಳಗೆ ಕಣ್ಣಿನ ಕೆಳಗಿನ ಗೆರೆ ಹೋಗಬೇಕು, ನೆಂಟರೆದುರು ತಾನು ಮದುಮಗಳ ಅವ್ವನ ಹಾಗೆ ಕಾಣಬಾರದು ಎಂಬುದು ಅವಳ ಸಂಕಟ.

"ಆ ನೀಲಿ ಸೀರಮ್ ಹಚ್ಚಿಬಿಡ್ರಿ ಅಕ್ಕಾರ. ನಮ್ಮ ಅತ್ತಿ ನನ್ನ ಮಾರಿ ನೋಡಿ, ಯಾಕ ಇಷ್ಟ ಲಗೂ ಮುದುಕಿ ಆದಿ ಅಂತ ಕೇಳತಾರ. ಅವರ ಮಗನ ತಲಿ ಬೆಳ್ಳಗ ಆಗೇತಿ, ಅದು ಅವರಿಗೆ ಕಾಣಂಗಿಲ್ಲ."

ಗಂಗಾಂಬಿಕಾ ದಾರ ಕಚ್ಚಿಕೊಂಡೇ ನಕ್ಕಳು.

ದಾಸನಕೊಪ್ಪದಲ್ಲಿ ಅವಳ ಪಾರ್ಲರಿನ ನೀಲಿ ಸೀರಮ್ ಗೊತ್ತಿಲ್ಲದ ಹೆಂಗಸರು ಕಡಿಮೆ. ಅದನ್ನು ತಂದುಕೊಟ್ಟವನು ಚಿಕ್ಕಪ್ಪನ ಮಗ ವಿನೋದ, ಯಲ್ಲಾಪುರದಲ್ಲಿದ್ದುಕೊಂಡು ಅಂಥವನ್ನೆಲ್ಲ ಆನ್‌ಲೈನಿನಲ್ಲಿ ತರಿಸಿ ಮಾರುವವನು. ಬೆರಳಿನಷ್ಟು ಗಾಜಿನ ಬಾಟಲಿ, ಒಳಗೆ ನೀಲಿ ಪುಡಿ, ನೀರಲ್ಲಿ ಕಲಸಿದರೆ ಸೀರಮ್. ಕಾಪರ್ ಪೆಪ್ಟೈಡ್ ಎಂದು ಅದರ ಹೆಸರು. ನಮ್ಮ ಮೈಯಲ್ಲೇ ಇರುವಂಥದ್ದು, ವಯಸ್ಸಾದಂತೆ ಕಡಿಮೆಯಾಗುತ್ತದೆ, ತಾಮ್ರ ಸೇರಿದ ಈ ಪುಡಿ ಚರ್ಮಕ್ಕೆ ಮತ್ತೆ ಹೊಸದಾಗು ಎಂದು ಹೇಳುತ್ತದೆ, ಹೀಗೆ ವಿನೋದ ವಿವರಿಸಿದ್ದ. ಗಂಗಾಂಬಿಕಾ ಮೊದಲು ತನ್ನ ಮುಖಕ್ಕೇ ಹಚ್ಚಿ ನೋಡಿದಳು. ಕೆನ್ನೆ ನುಣುಪಾದಂತೆ ಅನ್ನಿಸಿತು. ನಿಜವಾಗಿ ಆಗಿತ್ತೋ, ಆಸೆಯ ಕಣ್ಣಿಗೆ ಹಾಗೆ ಕಂಡಿತೋ, ಯಾರಿಗೆ ಗೊತ್ತು.

ಬಾಟಲಿಯ ಮೇಲೆ ಇಂಗ್ಲಿಷಿನಲ್ಲಿ ಸಣ್ಣದಾಗಿ, ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ ಎಂದು ಬರೆದಿತ್ತು. ಪಿಯುಸಿ ಓದಿದ ಗಂಗಾಂಬಿಕಾಗೆ ಅಷ್ಟು ಓದಲು ಬರುತ್ತಿತ್ತು. ಕೇಳಿದ್ದಕ್ಕೆ ವಿನೋದ, "ಅದು ಕಾನೂನಿನ ಸಲುವಾಗಿ ಅಕ್ಕಾ, ಎಲ್ಲಾರೂ ಹಂಗಽ ಬರೀತಾರ" ಎಂದಿದ್ದ. ಅವಳು ಬಿಸಿನೀರಿನಲ್ಲಿ ಬಾಟಲಿಗಳನ್ನು ನೆನೆಸಿ, ಆ ಚೀಟಿ ಕಿತ್ತು, ತನ್ನ ಪಾರ್ಲರಿನ ಗುಲಾಬಿ ಬಣ್ಣದ ಚೀಟಿ ಅಂಟಿಸಿದಳು. ಯಾರೋ ಹೇಳಿ ಮಾಡಿಸಿದ್ದಲ್ಲ ಅದು, ತಾನೇ ಕೂತು ಉಗುರಿನಿಂದ ಕೆರೆದು ಮಾಡಿದ ಕೆಲಸ.

ಇನ್ನೊಂದು ಹುಬ್ಬು ತೀಡಬೇಕು, ಅಷ್ಟರಲ್ಲಿ ರೋಹಿಣಿ ಮೂಗು ಮುಚ್ಚಿಕೊಂಡಳು. "ಏನರ ಸತ್ತೈತೇನ್ರಿ ಇಲ್ಲೆ?"

ವಾಸನೆ ಗಂಗಾಂಬಿಕಾಗೂ ಬಂದಿತ್ತು. ಬೆಳಗಿನಿಂದ ಅಂಗಡಿಯೊಳಗೆಲ್ಲ ಇಲಿ ಹುಡುಕಿದ್ದಳು. ಈಗ ಗಾಳಿ ಬೀಸಿದ ಕಡೆ ನೋಡಿದರೆ ಅದು ಪಕ್ಕದ ಮಿರ್ಚಿ ಭಜಿ ಗಾಡಿಯ ಕಡೆಯಿಂದ ಬರುತ್ತಿತ್ತು. ದಾರ ಅಲ್ಲೇ ಬಿಟ್ಟು ಹೊರಗೆ ಬಂದಳು.

ಯಾವತ್ತೂ ನಿಂತೇ ಭಜಿ ಕರಿಯುವ ಗಿರಿಜವ್ವ ಸ್ಟೂಲಿನ ಮೇಲೆ ಕೂತಿದ್ದಳು. ಎಡಗಾಲಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ಕಟ್ಟಿತ್ತು. ಕೆಲವು ದಿನಗಳ ಹಿಂದೆ ಅದೇ ಪಾದದ ಮೇಲೆ ಕಾದ ಎಣ್ಣೆ ಸಿಡಿದಾಗ ಅವಳು ಪಾರ್ಲರಿಗೆ ಬಂದಿದ್ದಳು. ಹೊಸ ಚರ್ಮ ಬರಿಸುವ ಔಷಧಿ ನಿನ್ನ ಹತ್ತಿರ ಇದೆಯಂತಲ್ಲ, ಮಾರಿಗೆ ಬರುವ ಚರ್ಮ ಕಾಲಿಗೆ ಬರುವುದಿಲ್ಲವೇ ಎಂದು ಕೇಳಿದ್ದಳು. ಗಂಗಾಂಬಿಕಾ ಇಲ್ಲ ಎನ್ನಲು ಮನಸ್ಸು ಬಾರದೆ, ನೀರಲ್ಲಿ ಕಲಸಿ ಹಚ್ಚು ಎಂದು ಒಂದು ಬಾಟಲಿ ಕೊಟ್ಟಿದ್ದಳು.

"ಕಾಲು ತೋರಸು ಚಿಗವ್ವಾ."

"ಏನೂ ಆಗಿಲ್ಲವ್ವಾ. ನಿನ್ನ ಔಷಧಿ ಭಾಳ ಚಲೋ ಐತಿ. ನೋವಽ ಇಲ್ಲ."

ಗಂಗಾಂಬಿಕಾ ಕೂತು ಚೀಲ ಬಿಚ್ಚಿದಳು. ನೀಲಿ ಕಲೆಯ ನಡುವೆ ಕೀವು. ಕಿರುಬೆರಳು ಮತ್ತು ಅದರ ಪಕ್ಕದ್ದು ಕಪ್ಪಾಗಿದ್ದವು.

"ಹೆಂಗ ಹಚ್ಚಿದಿ ಇದನ್ನ?"

"ತಾಮ್ರದ ಔಷಧಿ ಅಂದಿದ್ದೆಲ್ಲ, ಅದಕ್ಕ ತಾಮ್ರದ ತಂಬಗಿಯೊಳಗ ನೀರು ಹಾಕಿ ಕಲಸಿ ಇಟ್ಟೆ. ಕುಡಿಯೋ ನೀರ ಹಂಗ ಇಟ್ಟರ ಮೈಗೆ ಒಳ್ಳೇದು ಅಂತೀವಿ, ಔಷಧಿಗೆ ಇನ್ನೂ ಜೋರ ಬರತೈತಿ. ದಿನಾ ಅದನ್ನಽ ಹಚ್ಚತೀನಿ." ಗಿರಿಜವ್ವ ತನ್ನ ಜಾಣತನಕ್ಕೆ ತಾನೇ ಸಣ್ಣಗೆ ನಕ್ಕಳು. ನೀರು ಯಾವುದು ಎಂದು ಕೇಳುವುದೇ ಬೇಡವಾಗಿತ್ತು. ಗಾಡಿಯ ಪಕ್ಕದಲ್ಲೇ ತಟ್ಟೆ ತೊಳೆಯುವ ಡ್ರಮ್ಮಿತ್ತು.

ಗಿರಿಜವ್ವನಿಗೆ ಸಕ್ಕರೆ ಕಾಯಿಲೆ ಇರುವುದು ಊರಿಗೇ ಗೊತ್ತು. ಗಂಗಾಂಬಿಕಾ ತನ್ನ ಗಂಡ ಆನಂದನಿಗೆ ಫೋನು ಮಾಡಿದಳು. ಅವನು ಓಮ್ನಿ ವ್ಯಾನು ತಂದ. ಒಂದೇ ಹುಬ್ಬು ತೀಡಿಸಿಕೊಂಡ ರೋಹಿಣಿ ಬಾಗಿಲಲ್ಲಿ ನಿಂತು ನೋಡುತ್ತಲೇ ಉಳಿದಳು.

ಶಿರಸಿಯ ದಾರಿಯಲ್ಲಿ ವಿನೋದನ ಫೋನು ಬಂತು. ಗಂಗಾಂಬಿಕಾ ಎಲ್ಲ ಹೇಳಿದಳು.

"ಡಾಕ್ಟರ ಮುಂದ ಸೀರಮ್ ಸುದ್ದಿ ತಗೀಬ್ಯಾಡ ಅಕ್ಕಾ. ಅರಿಷಿಣ ಹಚ್ಚಿದ್ವಿ ಅನ್ನು, ಮುಗೀತು. ಕೇಸ್ ಆದ್ರ ಮೊದಲು ನಿನ್ನ ಅಂಗಡಿ ಬಾಗಲಾ ಹಾಕಸ್ತಾರ. ಆಮ್ಯಾಲೆ ನನ್ನ ಸುಳ್ಳುಬುರುಕ ಅನಬ್ಯಾಡ. ಪ್ರಯೋಗಶಾಲಿಯೊಳಗ ಇಲಿ ಗಾಯಕ್ಕ ಹಚ್ಚಿ ನೋಡ್ಯಾರ, ವಾಸಿ ಆಗ್ಯಾವು. ನಾ ಓದಿದ್ದನ್ನಽ ಹೇಳೀನಿ."

"ಗಿರಿಜವ್ವ ಇಲಿ ಅಲ್ಲೋ" ಎಂದು ಗಂಗಾಂಬಿಕಾ ಫೋನು ಕಟ್ಟು ಮಾಡಿದಳು. ಹಾಗೆ ಅಂದಳೇನೋ ಸರಿ, ಅವನ ಮಾತು ಮಾತ್ರ ತಲೆಯಲ್ಲಿ ಕೂತುಬಿಟ್ಟಿತು. ಆ ಪಾರ್ಲರು ಹೋದರೆ ತನ್ನದು ಅಂತ ಮತ್ತೇನಿದೆ? ಹತ್ತು ಜನ ಅಕ್ಕಾರ ಎಂದು ಕರೆಯುವುದು ಅಲ್ಲಿ ಕೂತಾಗ ಮಾತ್ರ.

ಹಿಂದಿನ ಸೀಟಿನಿಂದ ಗಿರಿಜವ್ವ ಅವಳ ಭುಜ ಮುಟ್ಟಿದಳು. "ಹೆದರಬ್ಯಾಡ. ನಾ ನಿನ್ನ ಹೆಸರು ಹೇಳಂಗಿಲ್ಲ."

ಗಂಗಾಂಬಿಕಾ ತಿರುಗಿ ನೋಡಲಿಲ್ಲ.

ಶಿರಸಿಯ ಆಸ್ಪತ್ರೆಯಲ್ಲಿ ಡಾಕ್ಟರ್ ತನುಜಾ ಗಾಯ ನೋಡಿ ನರ್ಸಿಗೆ ಏನೋ ಬೇಗ ಬೇಗ ಹೇಳಿದರು. ಆಮೇಲೆ, "ಎಂತ ಹಚ್ಚಿದ್ದು ಇದಕ್ಕೆ?" ಎಂದು ಕೇಳಿದರು.

"ಅರಿಷಿಣ" ಎಂದಳು ಗಿರಿಜವ್ವ, ಕಣ್ಣು ಮಿಟುಕಿಸದೆ.

"ಅರಿಶಿನಕ್ಕೆ ನೀಲಿ ಬಣ್ಣ ಬರ್ತದಾ ಅಜ್ಜಿ? ನಿಮ್ಮ ಕಾಲು ಉಳಿಸಬೇಕು ನಾನು. ಸುಳ್ಳು ಹೇಳಿದ್ರೆ ಕಷ್ಟ."

"ಅರಿಷಿಣ ಅಷ್ಟಽ ರೀ."

ತನ್ನನ್ನು ಉಳಿಸಲು ಈ ಹೆಂಗಸು ತನ್ನ ಕಾಲನ್ನೇ ಪಣಕ್ಕಿಡುತ್ತಿದ್ದಾಳೆ. ಗಂಗಾಂಬಿಕಾಗೆ ನಾಚಿಕೆಯಿಂದ ಮೈ ಸುಟ್ಟಂತಾಯಿತು. ಅಂಗಡಿಯಿಂದ ಹೊರಡುವಾಗ ಪರ್ಸಿಗೆ ಹಾಕಿಕೊಂಡಿದ್ದ ಸೀರಮ್ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. "ನಾ ಕೊಟ್ಟಿದ್ದು ಮೇಡಂ. ತಟ್ಟೆ ತೊಳಿಯೋ ನೀರಾಗ ಕಲಸಿ ದಿನಾ ಹಚ್ಯಾಳ. ಮನಶ್ಯಾರಿಗೆ ಅಲ್ಲ ಅಂತ ಇದರ ಮ್ಯಾಲೆ ಬರೆದಿತ್ತು. ನಾ ಆ ಚೀಟಿ ಕಿತ್ತೀನಿ."

ತನುಜಾ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಕೀವು ಪರೀಕ್ಷೆಗೆ ಕಳಿಸಲು ಹೇಳಿ, ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಕಾಪರ್ ಪೆಪ್ಟೈಡ್ ಬಗ್ಗೆ ಸಂಶೋಧನೆ ನಡೀತಾ ಇರೋದು ಹೌದು. ಮುಖದ ಕ್ರೀಮಿನಲ್ಲಿ ಸ್ವಲ್ಪ ಪ್ರಯೋಜನ ಕಂಡವರೂ ಇದ್ದಾರೆ. ಹಾಗಂತ ಸಕ್ಕರೆ ಕಾಯಿಲೆಯವರ ಗಾಯಕ್ಕೆ ಇದು ಔಷಧ ಆಗೋದಿಲ್ಲ. ಈ ಬಾಟಲಿಯಲ್ಲಿ ಇರೋದು ಅದೇನಾ ಅಂತಲೂ ನಿಮಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ." ಅವರು ಗಿರಿಜವ್ವನ ಪಾದ ಒತ್ತಿದರು. "ಇವರಿಗೆ ನೋವಿಲ್ಲ ಅಂದ್ರೆ ವಾಸಿ ಆಯ್ತು ಅಂತಲ್ಲ. ನರ ಸತ್ತು ಹೋಗಿದೆ, ನೋವು ಗೊತ್ತಾಗ್ತಾ ಇಲ್ಲ. ಎರಡು ಬೆರಳು ತೆಗೀಬೇಕು. ಪಾದ ಉಳಿಸೋಕೆ ನೋಡ್ತೇನೆ."

ನರ್ಸು ಗಾಲಿಕುರ್ಚಿ ತಳ್ಳಿಕೊಂಡು ಹೋಗುವಾಗ ಗಿರಿಜವ್ವ ಗಂಗಾಂಬಿಕಾಳನ್ನು ನೋಡಿ, "ಯಾಕ ಹೇಳಿದೆವ್ವಾ" ಎಂದಳು.

ಶಿರಸಿಯ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಗಿರಿಜವ್ವನ ಮಗಳು ಶಿವರಂಜನಿ ಓಡೋಡಿ ಬಂದಳು. ಗಂಗಾಂಬಿಕಾ ಅವಳಿಗೂ ಮುಚ್ಚುಮರೆಯಿಲ್ಲದೆ ಹೇಳಿದಳು. ಶಿವರಂಜನಿ ಕೂಗಾಡಲಿಲ್ಲ. "ನಮ್ಮವ್ವ ನಿಮ್ಮನ್ನ ಡಾಕ್ಟರಕಿಂತ ಹೆಚ್ಚು ನಂಬಿದ್ದಳ್ರಿ" ಎಂದು ಬೇರೆ ಬೆಂಚಿಗೆ ಹೋಗಿ ಕೂತಳು.

ಗಂಗಾಂಬಿಕಾ ಹೊರಡುವ ಮೊದಲು ತನುಜಾ ಕೇಳಿದರು. "ಗಾಯಕ್ಕೆ ಅಂತ ಇನ್ಯಾರಿಗಾದ್ರೂ ಕೊಟ್ಟಿದ್ದೀರಾ?"

ಕೊಟ್ಟಿದ್ದಳು. ಸಂಗಯ್ಯನವರಿಗೆ. ಪ್ರತಿ ಸೋಮವಾರ ಜೋಳಿಗೆ ಹಿಡಿದು ಬರಿಗಾಲಲ್ಲಿ ಭಿಕ್ಷೆಗೆ ಬರುವ ಮುದಿ ಅಯ್ಯನವರು. ಮದುವೆಯಾಗಿ ಬಂದಂದಿನಿಂದ ಅವಳು ಭಿಕ್ಷೆ ನೀಡಿ ಅವರ ಪಾದಕ್ಕೆ ಹಣೆ ಹಚ್ಚುತ್ತ ಬಂದಿದ್ದಾಳೆ. ಹಿಮ್ಮಡಿ ಸೀಳಿದೆ ತಂಗಿ ಎಂದು ಅವರೇ ಹೇಳಿದಾಗ, ಸೇವೆ ಎಂದುಕೊಂಡು ಒಂದು ಬಾಟಲಿ ಪುಕ್ಕಟೆ ಕೊಟ್ಟು ಹಿಗ್ಗಿದ್ದಳು. ಸೀಳು ಹೇಗಿದೆ ಎಂದು ಬಗ್ಗಿ ನೋಡಿರಲಿಲ್ಲ.

"ಇವತ್ತು ಸೋಮವಾರಲ್ಲ?" ಎಂದು ಆನಂದನನ್ನು ಕೇಳಿದಳು. "ಅಯ್ಯನೋರು ಭಿಕ್ಷಾಕ್ಕ ಬಂದಿದ್ರೇನು?"

ಆನಂದ ಯೋಚಿಸಿ, "ಇಲ್ಲ. ಹೋದ ವಾರನೂ ಬರಲಿಲ್ಲ" ಎಂದ.

ಆನಂದ ಓಮ್ನಿಯನ್ನು ಸೀದಾ ದಾಸನಕೊಪ್ಪಕ್ಕೆ, ಸಂಗಯ್ಯನವರ ಮನೆಯ ಮುಂದೆ ತಂದು ನಿಲ್ಲಿಸಿದ. ಬಿಸಿಲು ಇಳಿದಿತ್ತು. ಸಂಗಯ್ಯನವರು ಮನೆಯ ಕಟ್ಟೆಯ ಮೇಲೆ, ಕಾಲಿನ ಮೇಲೆ ಶಲ್ಯ ಹೊದ್ದು ಕೂತಿದ್ದರು. ಗಂಗಾಂಬಿಕಾ ಎಂದಿನಂತೆ ಬಗ್ಗಿ ಹಣೆ ಹಚ್ಚಿದಳು. ಅವರು ತಲೆಯ ಮೇಲೆ ಕೈಯಿಟ್ಟು ಹರಸಿದರು. ಅವಳು ಏಳಲಿಲ್ಲ.

"ಅಯ್ಯನೋರ, ಹಿಮ್ಮಡಿ ತೋರಸ್ರಿ."

"ಹೆಣ್ಣುಮಗಳು ನೀ, ಹೊಲಸು ನೋಡಬಾರದು. ಆರಾಮ ಐತಿ."

"ಇಷ್ಟ ವರ್ಷ ಕಣ್ಣು ಮುಚ್ಚಿ ನಮಸ್ಕಾರ ಮಾಡೀನಿ. ಇವತ್ತು ನೋಡತೀನಿ, ಸಿಟ್ಟಾಗಬ್ಯಾಡ್ರಿ."

ಶಲ್ಯ ಸರಿಸಿ, ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಟ್ಟೆ ಬಿಚ್ಚಿದಳು. ಸೀಳು ಬಾಯಿ ಬಿಟ್ಟಿತ್ತು, ಅಂಚಿನಲ್ಲಿ ನೀಲಿ ಹೆಪ್ಪುಗಟ್ಟಿತ್ತು. ಬೆರಳುಗಳು ಮಾತ್ರ ಇನ್ನೂ ಕಪ್ಪಾಗಿರಲಿಲ್ಲ. ಅವಳು ಸೀಳಿನ ಪಕ್ಕ ಹೆಬ್ಬೆರಳಿನಿಂದ ಬಲವಾಗಿ ಒತ್ತಿದಳು.

"ನೋಯತೈತೇನ್ರಿ?"

"ಎಲ್ಲಿ ಒತ್ತಿದಿ ತಂಗಿ?"

"ನಾ ಕೊಟ್ಟಿದ್ದು ಔಷಧಿ ಅಲ್ರಿ ಅಯ್ಯನೋರ. ಗೊತ್ತಿದ್ದೂ ಕೊಟ್ಟೆ. ಏಳ್ರಿ, ಈಗಽ ಶಿರಸಿಗೆ ಹೋಗೂಣು. ಕಾಲು ನೆಲಕ್ಕ ಊರಬ್ಯಾಡ್ರಿ, ನನ್ನ ಹೆಗಲ ಮ್ಯಾಲೆ ಕೈ ಹಾಕ್ರಿ."

ಸಂಗಯ್ಯನವರು ಅವಳ ಮುಖ ನೋಡಿದರು. ಆಮೇಲೆ ಕೈ ಹಾಕಿದರು.